ಮನೆಯ ಕೋಣೆಯಲ್ಲಿ ಡ್ರಮ್ ಧ್ವನಿಮುದ್ರಣ



ಕಾಲೇಜಿನ ವಾದ್ಯತಂಡಗಳು ತಮ್ಮ ಹಾಡುಗಳನ್ನು ಮನೆಯಲ್ಲಿಯೇ ಧ್ವನಿಮುದ್ರಿಸಿಕೊಳ್ಳುವುದು ಈಗ ಸಾಮಾನ್ಯವಾಗಿದೆ. ಗಿಟಾರು, ಕೀಬೋರ್ಡು, ಹಾಡುಗಾರಿಕೆ ಇವೆಲ್ಲ ಒಂದು ಮಟ್ಟಕ್ಕೆ ಚೆನ್ನಾಗಿಯೇ ಬರುತ್ತವೆ. ತೊಂದರೆಯಾಗುವುದು ಡ್ರಮ್ಮಿನಲ್ಲಿ. ಎದುರಿಗೆ ಕುಳಿತಾಗ ಎದೆ ನಡುಗಿಸಿದ ಪೆಟ್ಟು ಕಂಪ್ಯೂಟರಿನಲ್ಲಿ ಕೇಳಿದಾಗ ರಟ್ಟಿನ ಪೆಟ್ಟಿಗೆ ಬಡಿದಂತಿರುತ್ತದೆ. "ಇರಲಿ ಬಿಡು, ಸ್ಯಾಂಪಲ್ ಹಾಕಿ ಸರಿಮಾಡೋಣ" ಎಂದು ಯಾರಾದರೂ ಕೂಡಲೇ ಹೇಳುತ್ತಾರೆ. ಹಾಗೆ ಸರಿಮಾಡಿದ ಹಾಡಿನಲ್ಲಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ವಾದಕನ ಕೈ ಎಲ್ಲಿಯೂ ಕೇಳಿಸದೆ ಹೋಗಬಹುದು. ಅದು ಹೋಗದಂತೆ ನೋಡಿಕೊಳ್ಳುವುದು ಹೇಗೆ?

ಮೊದಲು ಕೋಣೆಯನ್ನು ನೋಡಿ. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇರುವ ಕೋಣೆಯೊಂದನ್ನು ತೆಗೆದುಕೊಳ್ಳೋಣ. 10 ಅಡಿ ಎಂದರೆ ಸುಮಾರು 3.05 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎರಡು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಕೂರುವ ಆವರ್ತನ 343ನ್ನು 6.1ರಿಂದ ಭಾಗಿಸಿದರೆ ಬರುವ ಸುಮಾರು 56 ಹರ್ಟ್ಸ್. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಗಟ್ಟಿತನ ಇರುವುದೂ ಈ ಸುತ್ತಿನಲ್ಲಿಯೇ. ಈ ಸ್ಥಾಯೀ ತರಂಗದ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ಕೋಣೆಯ ನಟ್ಟನಡುವೆ ಸೊನ್ನೆ. ಆದ್ದರಿಂದ ನಡುವೆ ನಿಲ್ಲಿಸಿದ ಮೈಕಿಗೆ ಕಿಕ್ ಕೇಳಿಸುವುದೇ ಇಲ್ಲವೆನ್ನುವಷ್ಟು ಸಪ್ಪೆ, ಮೂಲೆಯಲ್ಲಿಟ್ಟರೆ ಗುಂಯ್‌ಗುಡುವಿಕೆ. ಮೈಕನ್ನೋ ಡ್ರಮ್ಮನ್ನೋ ಒಂದೆರಡು ಅಡಿ ಸರಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ. ನೆಲಕ್ಕೆ ಜಮಖಾನ, ಗೋಡೆಗೆ ಕೌದಿ ಹಾಕಿದರೆ ಸಿಂಬಲ್ಲಿನ ಚುರುಕಾದ ಪ್ರತಿಫಲನ ತಗ್ಗುತ್ತದೆ, ನಿಜ. ಆದರೆ 6 ಮೀಟರ್ ಉದ್ದದ ತರಂಗಕ್ಕೆ ಕೌದಿ ಲೆಕ್ಕಕ್ಕೇ ಇಲ್ಲ.

ಎರಡನೆಯದು ಶ್ರುತಿ. ಮೃದಂಗ ವಿದ್ವಾಂಸರು ಶ್ರುತಿ ಮಾಡದೆ ಕಚೇರಿ ಆರಂಭಿಸುವುದಿಲ್ಲ. ಡ್ರಮ್ ಬಾರಿಸುವ ಹುಡುಗರು ಮಾತ್ರ ಕೊಂಡ ದಿನದ ಚರ್ಮವನ್ನೇ ವರ್ಷಗಟ್ಟಲೆ ಬಡಿಯುತ್ತಾರೆ! ಹಳೆಯ ಹೊದಿಕೆ ಬದಲಿಸಿ, ಎದುರುಬದುರಿನ ತಿರುಪುಗಳನ್ನು ಸಮನಾಗಿ ಬಿಗಿಯುವುದರಿಂದ ಆಗುವ ಲಾಭ ಯಾವ ದುಬಾರಿ ಮೈಕಿನಿಂದಲೂ ಆಗದು.

ಇನ್ನು ಮೈಕು. ನಾಲ್ಕು ಸಾಕು: ಮೇಲೆ ಎರಡು, ಕಿಕ್‌ಗೆ ಒಂದು, ಸ್ನೇರ್‌ಗೆ ಒಂದು. ಸ್ನೇರ್ ಮೈಕು ಅಂಚಿನಿಂದ ನಾಲ್ಕೈದು ಸೆಂಟಿಮೀಟರ್ ಮೇಲಿರಲಿ, ಅದರ ಬೆನ್ನು ಹೈ-ಹ್ಯಾಟಿನ ಕಡೆಗಿರಲಿ. ಕಷ್ಟವಿರುವುದು ಮೇಲಿನ ಎರಡರಲ್ಲಿ. ಸ್ನೇರಿನ ಶಬ್ದ ಒಂದು ಮೈಕಿಗಿಂತ ಇನ್ನೊಂದಕ್ಕೆ 1 ಮೀಟರ್ ಹೆಚ್ಚು ದೂರ ಸಾಗಬೇಕಾದರೆ ಸುಮಾರು 2.9 ಮಿಲಿಸೆಕೆಂಡ್ ತಡವಾಗಿ ತಲಪುತ್ತದೆ. ಎರಡನ್ನೂ ಕೂಡಿಸಿದಾಗ ಸುಮಾರು 170 ಹರ್ಟ್ಸ್‌ನಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿ ಶಬ್ದ ಕರಗುತ್ತದೆ. ಸ್ನೇರಿನ ಮೈ ಇರುವುದೇ ಆ ಆಸುಪಾಸಿನಲ್ಲಿ. ರಟ್ಟಿನ ಪೆಟ್ಟಿಗೆಯ ಗುಟ್ಟು ಬಹುಪಾಲು ಇಷ್ಟೇ. ಪರಿಹಾರ ಒಂದು ದಾರ. ಅದರ ತುದಿಯನ್ನು ಸ್ನೇರಿನ ನಡುವೆ ಹಿಡಿದು, ಎರಡು ಮೈಕೂ ಸಮದೂರದಲ್ಲಿರುವಂತೆ ನಿಲ್ಲಿಸಿ. ಇಂಗ್ಲೆಂಡಿನ ಧ್ವನಿ ತಂತ್ರಜ್ಞ ಗ್ಲಿನ್ ಜಾನ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನದ ತಿರುಳೂ ಈ ಸಮದೂರವೇ. ಲೆಡ್ ಝೆಪೆಲಿನ್ ತಂಡದ ಮೊದಲ ಆಲ್ಬಮನ್ನು 1968ರಲ್ಲಿ ಧ್ವನಿಮುದ್ರಿಸಿದವರು ಅವರು.

ಇಷ್ಟಾದ ಮೇಲೂ ಕಿಕ್ ತೆಳುವಾಗಿದ್ದರೆ ಟ್ರಿಗರ್ ಮಾತಿಗೆ ಬರೋಣ. ಡ್ರಮ್ಮಿನ ಹೊದಿಕೆಗೆ ತಾಗಿಸುವ ಚಿಕ್ಕ ಬಿಲ್ಲೆ ಅದು. ಒಳಗಿರುವುದು ಅಲಾರಂ ಗಡಿಯಾರದ ಬಜರ್‌ನಲ್ಲಿ ನೀವು ಕಂಡಿರಬಹುದಾದ ಪೀಜೋ ತಟ್ಟೆ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಈ ಗುಣವನ್ನು ಸ್ಫಟಿಕಗಳಲ್ಲಿ ಪಿಯರ್ ಮತ್ತು ಝಾಕ್ ಕ್ಯೂರಿ ಸೋದರರು 1880ರಲ್ಲಿ ತೋರಿಸಿಕೊಟ್ಟರು. ಪೆಟ್ಟು ಬಿದ್ದಾಗ ಹುಟ್ಟುವ ಮಿಡಿತವನ್ನು ಯಂತ್ರ 1983ರಲ್ಲಿ ಬಂದ ಮಿಡಿ ಪದ್ಧತಿಯ ಸಂಕೇತವಾಗಿಸಿ, 1ರಿಂದ 127ರವರೆಗೆ ಬಲದ ಅಂಕ ಕೊಟ್ಟು, ಅದಕ್ಕೆ ತಕ್ಕ ಸ್ಯಾಂಪಲನ್ನು, ಅಂದರೆ ಮೊದಲೇ ಮುದ್ರಿಸಿಟ್ಟ ಪೆಟ್ಟನ್ನು, ನುಡಿಸುತ್ತದೆ. ಬಿಲ್ಲೆಯಿಲ್ಲದೆ, ಮೈಕಿನ ಧ್ವನಿಯಿಂದಲೇ ಪೆಟ್ಟುಗಳನ್ನು ಗುರುತಿಸುವ ತಂತ್ರಾಂಶಗಳೂ ಇವೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಟ್ರಿಗರಿಗೆ ಗೊತ್ತಾಗುವುದು ಎರಡೇ ಸಂಗತಿ: ಪೆಟ್ಟು ಯಾವಾಗ ಬಿತ್ತು, ಎಷ್ಟು ಜೋರಾಗಿ ಬಿತ್ತು. ಎಲ್ಲಿ ಬಿತ್ತು, ಕೋಲು ಹೇಗೆ ಜಾರಿತು ಎಂಬುದು ಅದಕ್ಕೆ ತಿಳಿಯದು. ಸಾಮಾನ್ಯವಾಗಿ ಒಂದೇ ಬಗೆಯ ಪೆಟ್ಟು ಬೀಳುವ ಕಿಕ್‌ಗೆ ಅಷ್ಟು ಸಾಕು. ಸ್ನೇರಿನ ಮೃದು ಪೆಟ್ಟುಗಳಿಗೆ, ಉರುಳಿಕೆಗೆ, ಸಿಂಬಲ್ಲಿಗೆ ಸಾಲದು. ನಮ್ಮ ಮೃದಂಗವನ್ನಂತೂ ಕೇಳುವುದೇ ಬೇಡ. ಬರಿಯ ದುಂಡು ಪೊರೆಯ ಮೇಲ್ಸ್ವರಗಳು ಮೂಲದ 1.59, 2.14 ಪಟ್ಟು ಹೀಗೆ ಅಸ್ತವ್ಯಸ್ತವಾಗಿರುತ್ತವೆ. ಮೃದಂಗದ ನಡುವಿನ ಕಪ್ಪು ಕರಣೆ ಅವುಗಳನ್ನು ಪೂರ್ಣಾಂಕಗಳ ಸಮೀಪಕ್ಕೆ ತರುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತರಿಸಿ ಬರೆದರು. ಬೆರಳು ಬಿದ್ದ ಜಾಗಕ್ಕೆ ತಕ್ಕಂತೆ ನಾದ ಬದಲಾಗುವ ವಾದ್ಯಕ್ಕೆ ಜಾಗವನ್ನೇ ಅರಿಯದ ಯಂತ್ರವೇನು ಮಾಡೀತು?

ಆದ್ದರಿಂದ ಸ್ಯಾಂಪಲನ್ನು ಮೂಲದ ಬದಲಿಗಲ್ಲ, ಮೂಲದ ಅಡಿಯಲ್ಲಿ ಬೆರೆಸಿ. ಬೆರೆಸುವಾಗ ಎರಡರ ಮೊದಲ ಉಬ್ಬು ಪರದೆಯ ಮೇಲೆ ಒಂದೇ ಗೆರೆಗೆ ಬರಲಿ. ನುಡಿಸುತ್ತಿರುವಾಗಲೇ ಕಂಪ್ಯೂಟರು 256 ಮಾದರಿಗಳಷ್ಟು ಕಾದರೆ, ಸೆಕೆಂಡಿಗೆ 44,100ರ ಲೆಕ್ಕದಲ್ಲಿ ಅದು 5.8 ಮಿಲಿಸೆಕೆಂಡ್, ಮೈಕನ್ನು 2 ಮೀಟರ್ ದೂರ ಒಯ್ದಂತೆಯೇ ಸರಿ. ಒಂದು ಉಬ್ಬಿದ್ದಲ್ಲಿ ಇನ್ನೊಂದು ತಗ್ಗಿದ್ದರೆ ಸ್ಯಾಂಪಲನ್ನು ತಲೆಕೆಳಗು ಮಾಡಿ.

ಪರದೇಶದ ಯಾವುದೋ ಸ್ಟುಡಿಯೋದ ಪೆಟ್ಟುಗಳಿಗಿಂತ ನಿಮ್ಮ ಡ್ರಮ್ಮಿನ ಪೆಟ್ಟುಗಳೇ ಒಳ್ಳೆಯ ಸ್ಯಾಂಪಲುಗಳು ಎಂಬುದು ನನ್ನ ಅಭಿಪ್ರಾಯ. ಹಾಡಿನ ಮುದ್ರಣ ಮುಗಿದೊಡನೆ ಮೈಕುಗಳನ್ನು ಕದಲಿಸಬೇಡಿ. ಫ್ಯಾನ್ ನಿಲ್ಲಿಸಿ. ಪ್ರತಿ ಡ್ರಮ್ಮಿಗೂ ಮೆಲ್ಲಗೆ ಎಂಟು, ಮಧ್ಯಮವಾಗಿ ಎಂಟು, ಜೋರಾಗಿ ಎಂಟು ಪೆಟ್ಟು ಹೊಡೆದು, ಪ್ರತಿಯೊಂದರ ನಾದವೂ ಪೂರ್ತಿ ಅಡಗುವವರೆಗೆ ಕಾದು ಮುದ್ರಿಸಿಕೊಳ್ಳಿ. ಒಂದೇ ಪೆಟ್ಟು ಮರುಕಳಿಸಿದರೆ ಕಿವಿಗೆ ಹೊಲಿಗೆ ಯಂತ್ರದಂತೆ ಕೇಳುತ್ತದೆ. ಎಂಟನ್ನು ಸರದಿಯಲ್ಲಿ ಬಳಸಿದರೆ ಹಾಗಾಗದು. ನೆರೆಮನೆಯವರು ಮಲಗುವ ಹೊತ್ತಿಗೆ ಮೊದಲೇ ಇದಕ್ಕೆ ಅರ್ಧ ಗಂಟೆ ಎತ್ತಿಡಿ.