ಶಾಲೆಯ ಹೆಸರಿನ ಹಿಂದಿದ್ದ ಹುಡುಗ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತಾಡು ಎಂದು ಹೇಳಿದ್ದರು. ಕ್ಷಮೆಯಿರಲಿ, ನಾನು ಇನ್ನೊಂದು ಶಾಲೆಯ ಕತೆ ಹೇಳುತ್ತೇನೆ.

ಕಂಪನಿ ಕೆಲಸಕ್ಕಾಗಿ ಕೆಲವು ತಿಂಗಳು ಇಂಗ್ಲೆಂಡಿನಲ್ಲಿದ್ದೆ. ಅಲ್ಲಿನ ಲಿಂಕನ್ ನಗರದಲ್ಲಿ ಒಂದು ಪ್ರಾಥಮಿಕ ಶಾಲೆ, ಹೆಸರು ಲೆಸ್ಲಿ ಮ್ಯಾನ್ಸರ್ ಶಾಲೆ. ನಮ್ಮಲ್ಲಿ ಕೊಠಡಿ ಕಟ್ಟಿಸಿಕೊಟ್ಟವರ ಹೆಸರು ಬರೆಸುತ್ತೇವಲ್ಲ, ಹಾಗೆ ಯಾರೋ ದಾನಿ ಇರಬೇಕು ಎಂದುಕೊಂಡೆ. ದಾನಿಯೇ ಹೌದು. ಆದರೆ ಕೊಟ್ಟದ್ದು ಹಣವಲ್ಲ.

ಲೆಸ್ಲಿ ಮ್ಯಾನ್ಸರ್ ಹುಟ್ಟಿದ್ದು ನಮ್ಮ ದೆಹಲಿಯಲ್ಲಿ, 1922ರ ಮೇ 11ರಂದು. ತಂದೆ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಎಂಜಿನಿಯರ್. ಮುಂದೆ ಇಂಗ್ಲೆಂಡಿನಲ್ಲಿ ಓದಿದ ಹುಡುಗ ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ವಾಯುಪಡೆ ಸೇರಿದ. ಲಿಂಕನ್ ಪಕ್ಕದ ಸ್ಕೆಲ್ಲಿಂಗ್‌ಥಾರ್ಪ್ ವಿಮಾನ ನೆಲೆಯಿಂದ ಬಾಂಬರ್ ಹಾರಿಸುತ್ತಿದ್ದ.

1942ರ ಮೇ 30ರ ರಾತ್ರಿ ಜರ್ಮನಿಯ ಕಲೋನ್ ನಗರದ ಮೇಲೆ ಸಾವಿರಕ್ಕೂ ಹೆಚ್ಚು ವಿಮಾನಗಳ ದಾಳಿ. ಸಾವಿರದ ಲೆಕ್ಕ ತುಂಬಿಸಲು ತರಬೇತಿ ಘಟಕಗಳ ವಿಮಾನಗಳನ್ನೂ ಸೇರಿಸಿದ್ದರು. ಮ್ಯಾನ್ಸರ್‌ಗೆ ಸಿಕ್ಕಿದ್ದು ಮ್ಯಾಂಚೆಸ್ಟರ್ ಎಂಬ ಎರಡು ಎಂಜಿನ್‌ಗಳ ವಿಮಾನ. ಅದರ ಎಂಜಿನ್‌ಗಳು ನಂಬಿಕೆಗೆ ಅರ್ಹವಲ್ಲ ಎಂದು ಆಗಲೇ ಕುಖ್ಯಾತಿ ಪಡೆದಿದ್ದವು. ಮುಂದಿನ ತಿಂಗಳೇ ಅವನ್ನು ದಾಳಿಯ ಕೆಲಸದಿಂದ ತೆಗೆದರು.

ನಗರದ ಮೇಲೆ ಸರ್ಚ್‌ಲೈಟುಗಳ ಬೆಳಕು ಅವನ ವಿಮಾನವನ್ನು ಹಿಡಿದಿಟ್ಟುಕೊಂಡಿತು. ಕೆಳಗಿನಿಂದ ಗುಂಡು. ಆದರೂ ಹೋಗಿ ಬೆಂಕಿ ಬಾಂಬುಗಳನ್ನು ಹಾಕಿದ. ತಪ್ಪಿಸಿಕೊಳ್ಳುವಷ್ಟರಲ್ಲಿ ವಿಮಾನ ಸಾವಿರ ಅಡಿಗಿಂತ ಕೆಳಗಿಳಿದಿತ್ತು. ಹಿಂಬದಿಯ ಗನ್ನರ್‌ಗೆ ಗಾಯ, ಮುಂಭಾಗದಲ್ಲಿ ಹೊಗೆ. ಆಗಲೇ ಎಲ್ಲರೂ ಪ್ಯಾರಾಚೂಟ್ ಹಿಡಿದು ಹಾರಬಹುದಿತ್ತು; ಹಾರಿದರೆ ಶತ್ರುವಿನ ಕೈಗೆ ಸಿಗಬೇಕು. ಮ್ಯಾನ್ಸರ್ ವಿಮಾನವನ್ನು ಎರಡು ಸಾವಿರ ಅಡಿಗೆ ಏರಿಸಿ ಮನೆಯ ಕಡೆ ತಿರುಗಿಸಿದ. ಎಡ ಎಂಜಿನ್‌ಗೆ ಬೆಂಕಿ ಹತ್ತಿತು. ಆರಿಸಲು ಹತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ಎಂಜಿನ್ ಸತ್ತಿತ್ತು, ರೆಕ್ಕೆಯ ಒಂದು ಭಾಗ ಸುಟ್ಟಿತ್ತು.

ಬೆಲ್ಜಿಯಂನ ಬ್ರೇ ಎಂಬ ಊರಿನ ಹತ್ತಿರ ಇನ್ನು ಸಾಧ್ಯವಿಲ್ಲ ಎಂದಾಯಿತು. ಎಲ್ಲರಿಗೂ ಹಾರಲು ಹೇಳಿದ. ಸಹ ಪೈಲಟ್ ಸಾರ್ಜೆಂಟ್ ಬೇವಿಸ್ಟಾಕ್ ಅವನಿಗೆ ಪ್ಯಾರಾಚೂಟ್ ತಂದುಕೊಟ್ಟ. ಮ್ಯಾನ್ಸರ್ ಬೇಡವೆಂದು ಕೈಯಾಡಿಸಿ, ನೀನು ಮೊದಲು ಹಾರು, ಇನ್ನು ಕೆಲವೇ ಸೆಕೆಂಡು ಮಾತ್ರ ಇದನ್ನು ನೇರವಾಗಿ ಹಿಡಿದಿರಬಲ್ಲೆ ಎಂದು ಕಳುಹಿಸಿದ. ಆರೂ ಜನ ಹಾರಿದರು. ಇಳಿಯುತ್ತಿದ್ದವರ ಕಣ್ಣೆದುರೇ ವಿಮಾನ ನೆಲಕ್ಕಪ್ಪಳಿಸಿ ಉರಿಯಿತು. ಅವನಿಗೆ ಇಪ್ಪತ್ತು ತುಂಬಿ ಮೂರು ವಾರವೂ ಆಗಿರಲಿಲ್ಲ.

ಆರು ಜನರಲ್ಲಿ ಒಬ್ಬ ಸೆರೆಯಾದ. ಐವರನ್ನು ಬೆಲ್ಜಿಯಂನ ಸಾಮಾನ್ಯ ಜನ ಬಚ್ಚಿಟ್ಟು, ಕಾಮೆಟ್ ಎಂಬ ಗುಪ್ತ ಜಾಲದ ಮೂಲಕ ಫ್ರಾನ್ಸ್ ಹಾಗೂ ಸ್ಪೇನ್ ದಾಟಿಸಿದರು. ಜಾಲವನ್ನು ಕಟ್ಟಿದ್ದು ಆಂಡ್ರೇ ದ ಯೋಂಗ್ ಎಂಬ ಇಪ್ಪತ್ತೈದರ ತರುಣಿ. ಸಿಕ್ಕಿಬಿದ್ದರೆ ಆಶ್ರಯ ಕೊಟ್ಟವರಿಗೂ ಸಾವೇ. ಆ ಐವರು ಇಂಗ್ಲೆಂಡ್ ಮುಟ್ಟಿ ನಡೆದದ್ದನ್ನು ಹೇಳಿದ ಮೇಲೆ, ಅದೇ ಅಕ್ಟೋಬರ್‌ನಲ್ಲಿ ಮ್ಯಾನ್ಸರ್‌ಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು.

ಹಿರಿಯರು ಕೇಳಬಹುದು: ನಮ್ಮನ್ನು ಆಳಿದವರ ಸೈನಿಕ ನಮಗೇಕೆ? ಅದೇ ವರ್ಷದ ಆಗಸ್ಟ್‌ನಲ್ಲಿ ನಾವು ಅವರಿಗೆ ‘ಭಾರತ ಬಿಟ್ಟು ತೊಲಗಿ’ ಎಂದಿದ್ದೆವಲ್ಲ? ನ್ಯಾಯವಾದ ಪ್ರಶ್ನೆ. ಇನ್ನೊಂದನ್ನೂ ಮರೆಮಾಚಬಾರದು. ಆ ರಾತ್ರಿ ಕಲೋನ್‌ನಲ್ಲಿ 400ಕ್ಕೂ ಹೆಚ್ಚು ಜನ ಸತ್ತರು, ಸುಮಾರು 45,000 ಜನ ಮನೆ ಕಳೆದುಕೊಂಡರು. ಅವರಲ್ಲಿ ನಿಮ್ಮಂಥ ಮಕ್ಕಳೂ ಇದ್ದರು. ಬಾಂಬು ಹಾಕಿದ ಕೈಯೂ ಗೆಳೆಯರನ್ನು ಉಳಿಸಿದ ಕೈಯೂ ಒಂದೇ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಆ ಹುಡುಗನ ಕತೆ ಅರ್ಧ ಸುಳ್ಳಾಗುತ್ತದೆ. ನಾನು ಯುದ್ಧವನ್ನು ಹೊಗಳಲು ಬಂದಿಲ್ಲ. ಆ ಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಪಡೆಯೊಂದರಲ್ಲೇ 55,000ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹುಡುಗರೇ. ಶಾಲೆ ಬಿಟ್ಟು ಎರಡು ಮೂರು ವರ್ಷವಾದವರನ್ನು ಹೀಗೆ ಕಳೆದುಕೊಳ್ಳುವುದೇ ಯುದ್ಧ.

ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಮಾತು. ಉಳಿದವರು ಬಾಯಿ ಬಿಟ್ಟು ಹೇಳಿದ್ದರಿಂದ ಅವನ ಹೆಸರು ಉಳಿಯಿತು. ಅವರೂ ಸಿಕ್ಕಿಬಿದ್ದಿದ್ದರೆ, ಅವನ ಹೆಸರು ಕಾಣೆಯಾದವರ ಪಟ್ಟಿಯ ಒಂದು ಸಾಲಾಗಿರುತ್ತಿತ್ತು. ಅವನು ಕೊನೆಯ ಸಲ ಮೇಲೇರಿದ ಆ ನೆಲೆಯ ಜಾಗದಲ್ಲಿ ಈಗ ಬಡಾವಣೆ ಎದ್ದಿದೆ. ಅದೇ ಬಡಾವಣೆಯ ಮಕ್ಕಳು ಅವನ ಹೆಸರಿನ ಶಾಲೆಯಲ್ಲಿ ಓದುತ್ತಾರೆ.

ನಮಗಾಗಿ ಹಿಡಿದು ನಿಂತವರು ನಮ್ಮ ಶಾಲೆಯಲ್ಲೂ ಇದ್ದಾರೆ. ಅದು ಯುದ್ಧವಲ್ಲ, ಹೋಲಿಸುವುದೂ ಇಲ್ಲ. ಆದರೆ ಎಸ್ಸೆಸ್ಸೆಲ್ಸಿ ವರ್ಷ ನಮಗೆ ಕತ್ತಲಾಗುವವರೆಗೆ ಗಣಿತ ಹೇಳಿಕೊಟ್ಟು, ಕೊನೇ ಬಸ್ಸು ತಪ್ಪಿಸಿಕೊಂಡು ನಡೆದು ಹೋಗುತ್ತಿದ್ದ ಮೇಷ್ಟ್ರನ್ನು ನಾನು ಮರೆತಿಲ್ಲ. ದಡ ಸೇರಿದವರು ನಾವು, ಹೇಳಬೇಕಾದವರೂ ನಾವೇ. ನಿಮಗೆ ಅಂಥವರು ಯಾರಾದರೂ ನೆನಪಿದ್ದರೆ, ದಯವಿಟ್ಟು ಈ ಸಂಚಿಕೆಗೆ ಬರೆದುಕೊಡಿ.