ತುಳಜಾಪುರದ ದಾರಿಯ ಹೆಣ್ಣುಮಕ್ಕಳ ಋಣ



ಹೆಣ್ಣುಮಕ್ಕಳ ಜನನಾಂಗದ ಕ್ಯಾನ್ಸರ್‌ಗಳ ಪತ್ತೆ ಮತ್ತು ಚಿಕಿತ್ಸೆಯ ಸಂಶೋಧನೆ ಕುರಿತ ಈ ವಿಚಾರ ಸಂಕಿರಣದ ಆಶಯವನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದನ್ನು ಒಂದು ಊರಿನಿಂದ ಶುರು ಮಾಡುತ್ತೇನೆ. ತುಳಜಾಪುರ. ಅಲ್ಲಿನ ಅಂಬಾಭವಾನಿಯನ್ನು ಮನೆದೇವರೆಂದು ನಡೆದುಕೊಳ್ಳುವ ಮನೆತನಗಳು ನಮ್ಮ ಕಲಬುರಗಿ, ಬೀದರ್ ಕಡೆ ಬಹಳ. ನನ್ನ ಅಜ್ಜಿ ಸೀಗೆ ಹುಣ್ಣಿಮೆಗೆ ಕಾಲ್ನಡಿಗೆಯಲ್ಲೇ ಹೋಗಿಬರುತ್ತಿದ್ದರು. ಆ ಊರಿರುವ ಜಿಲ್ಲೆ ಉಸ್ಮಾನಾಬಾದ್, ಈಗಿನ ಧಾರಾಶಿವ. ನಮ್ಮ ಗಡಿಗೆ ಅಂಟಿಕೊಂಡ ಬರದ ಸೀಮೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ಇವತ್ತು ಜಗತ್ತಿನ ಎಷ್ಟೋ ಬರಹಗಳಲ್ಲಿ ಈ ಜಿಲ್ಲೆಯ ಹೆಸರು ಸಿಗುತ್ತದೆ.

1999ರಲ್ಲಿ ಅಲ್ಲಿನ ಹಳ್ಳಿಗಳನ್ನು 52 ಗುಂಪು ಮಾಡಿ, 30ರಿಂದ 59 ವಯಸ್ಸಿನ 1,31,746 ಹೆಣ್ಣುಮಕ್ಕಳನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಳ್ಳತೊಡಗಿದರು. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ, ಮುಂಬೈನ ಟಾಟಾ ಸ್ಮಾರಕ ಕೇಂದ್ರ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕೂಡಿ ಮಾಡಿದ ಕೆಲಸ ಅದು. ಕೆಲವು ಹಳ್ಳಿಗಳಲ್ಲಿ ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ, ಕೆಲವು ಕಡೆ ಪ್ಯಾಪ್ ಸ್ಮಿಯರ್, ಕೆಲವು ಕಡೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿಂದ ನೋಡುವುದು. ಉಳಿದ ಹಳ್ಳಿಗಳವರಿಗೆ, ಅಂದರೆ ನಾಲ್ಕನೆಯ ಗುಂಪಿನವರಿಗೆ, ತಪಾಸಣೆ ಇಲ್ಲ, ಊರಲ್ಲಿ ಎಂದಿನಂತೆ ಸಿಗುವ ವೈದ್ಯವಷ್ಟೇ. ಎಂಟು ವರ್ಷ ಕಾದು ನೋಡಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ 34,126 ಮಂದಿಯಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು 34. ತಪಾಸಣೆ ಇಲ್ಲದ 31,488 ಮಂದಿಯಲ್ಲಿ 64. ಪರೀಕ್ಷೆಯಲ್ಲಿ ವೈರಸ್ ಇಲ್ಲ ಎಂದು ಬಂದವರಲ್ಲಿ ಒಬ್ಬರೂ ಇದರಿಂದ ಸಾಯಲಿಲ್ಲ.

ಆ 64 ಎಂಬ ಅಂಕಿಯ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ತಪಾಸಣೆಯಿಂದ ಜೀವ ಉಳಿಯುತ್ತದೆ ಎಂಬ ಮಾತನ್ನು ನಾವು ಜಗತ್ತಿಗೆ ಧೈರ್ಯವಾಗಿ ಹೇಳುತ್ತಿರುವುದು ಆ ಹೆಂಗಸರ ಲೆಕ್ಕ ಹಿಡಿದು. ತಪಾಸಣೆಯೇ ಇಲ್ಲದ ಗುಂಪೊಂದನ್ನು ಇಟ್ಟುಕೊಂಡದ್ದು ಸರಿಯೇ ಎಂಬ ಪ್ರಶ್ನೆ ಆಮೇಲೆ ಬಲವಾಗಿ ಎದ್ದಿತು. ಏಳಬೇಕಾದದ್ದೇ. ನನ್ನ ನೋವು ಇನ್ನೊಂದು. ಆ ಉತ್ತರ ಕೈಗೆ ಬಂದು ಇಷ್ಟು ವರ್ಷವಾದರೂ ನಮ್ಮ ಬಹುಪಾಲು ಹೆಣ್ಣುಮಕ್ಕಳು ಆ ನಾಲ್ಕನೆಯ ಗುಂಪಿನಲ್ಲೇ ಉಳಿದಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ದೇಶದಲ್ಲಿ ಶೇ. 1.9. ನೂರಕ್ಕೆ ಇಬ್ಬರೂ ಇಲ್ಲ. 2022ರ ಅಂದಾಜಿನಲ್ಲಿ ಭಾರತದಲ್ಲಿ ಹೊಸದಾಗಿ ಈ ಕ್ಯಾನ್ಸರ್ ಬಂದವರು 1 ಲಕ್ಷ 27 ಸಾವಿರ, ತೀರಿಕೊಂಡವರು ಸುಮಾರು 80 ಸಾವಿರ.

ಹಣವಿಲ್ಲ, ಯಂತ್ರವಿಲ್ಲ ಎನ್ನುವ ಮಾತಿಗೂ ನಮ್ಮ ಸಂಶೋಧನೆಯೇ ಉತ್ತರ ಕೊಟ್ಟಿದೆ. ಉಸ್ಮಾನಾಬಾದಿನಲ್ಲಿ ಕಣ್ಣಿಂದ ನೋಡುವ ಪರೀಕ್ಷೆಗೆ ಸಾವು ಕಡಿಮೆ ಮಾಡುವ ಶಕ್ತಿ ಸಾಬೀತಾಗಲಿಲ್ಲ, ನಿಜ. ಆದರೆ ಅದೇ ಕಾಲದಲ್ಲಿ ಮುಂಬೈನ ಕೊಳೆಗೇರಿಗಳಲ್ಲಿ ಡಾ. ಸುರೇಂದ್ರ ಶಾಸ್ತ್ರಿಯವರ ತಂಡ, ಹತ್ತನೇ ತರಗತಿ ಓದಿದ ಸ್ಥಳೀಯ ಹೆಣ್ಣುಮಕ್ಕಳಿಗೆ ನಾಲ್ಕು ವಾರ ತರಬೇತಿ ಕೊಟ್ಟು, ಎರಡು ವರ್ಷಕ್ಕೊಮ್ಮೆ ಇದೇ ಪರೀಕ್ಷೆ ಮಾಡಿಸಿತು. ಗರ್ಭಕೋಶದ ಬಾಯಿಗೆ ಆಮ್ಲ ಹಚ್ಚಿ ಒಂದು ನಿಮಿಷ ಕಾಯುವುದು, ಬಿಳಿ ಮಚ್ಚೆ ಮೂಡಿತೋ ಎಂದು ನೋಡುವುದು. ಸಾವು ಶೇ. 31ರಷ್ಟು ತಗ್ಗಿತು. ತಮಿಳುನಾಡಿನ ದಿಂಡಿಗಲ್‌ನಲ್ಲಿ ನರ್ಸುಗಳು ಮಾಡಿದಾಗ ಶೇ. 35. ಕೈ ಪಳಗಿರಬೇಕು, ಮೇಲೆ ನೋಡಿಕೊಳ್ಳುವವರು ಇರಬೇಕು, ಬಿಳಿ ಮಚ್ಚೆ ಕಂಡವಳನ್ನು ಕೈಬಿಡದೆ ಚಿಕಿತ್ಸೆಯ ತನಕ ಕರೆದೊಯ್ಯಬೇಕು. ಈಗಂತೂ ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಹೆಣ್ಣುಮಗಳು ಪರದೆಯ ಹಿಂದೆ ಹೋಗಿ ತಾನೇ ತೆಗೆದುಕೊಡಬಹುದು. ಕ್ಷಯ ಪತ್ತೆಗೆಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದ ಬಗೆಯ ಯಂತ್ರಗಳಲ್ಲೇ ಅದನ್ನು ಪರೀಕ್ಷಿಸಲು ಬರುತ್ತದೆ.

ಲಸಿಕೆಯ ಕತೆಯೂ ಹೀಗೇ. 2009ರಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ ಎಚ್‌ಪಿವಿ ಲಸಿಕೆ ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ಅಧ್ಯಯನ ಶುರುವಾಯಿತು. ಅದೇ ಹೊತ್ತಿಗೆ ಖಮ್ಮಂ ಮತ್ತು ವಡೋದರಾದಲ್ಲಿ ನಡೆಯುತ್ತಿದ್ದ ಇನ್ನೊಂದು ಲಸಿಕೆ ಯೋಜನೆ ವಿವಾದಕ್ಕೆ ಸಿಕ್ಕಿತು. ಖಮ್ಮಂನಲ್ಲಿ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಒಪ್ಪಿಗೆಗೆ ಸಹಿ ಹಾಕಿದ್ದರು. ಅದು ತಪ್ಪೇ, ಅದಕ್ಕೆ ಸಮಜಾಯಿಷಿ ಇಲ್ಲ. 2010ರಲ್ಲಿ ಸರ್ಕಾರ ಎಲ್ಲ ಅಧ್ಯಯನಗಳಿಗೂ ತಡೆ ಹಾಕಿತು. ಡೋಸ್ ಲೆಕ್ಕದ ಆ ಮೊದಲ ಅಧ್ಯಯನದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಆಗಿ ನಿಂತುಹೋಯಿತು. ಅಧ್ಯಯನದ ತಂಡದ ಡಾ. ಪಾರ್ಥ ಬಸು ಮತ್ತು ಜೊತೆಯವರು ಅವರನ್ನು ಬಿಡಲಿಲ್ಲ, ವರ್ಷ ವರ್ಷ ಹಿಂಬಾಲಿಸಿದರು. ಮೂರು ಡೋಸ್‌ಗೆ ಸಿಗುವಷ್ಟೇ ರಕ್ಷಣೆ ಒಂದು ಡೋಸ್‌ಗೂ ಸಿಕ್ಕಿತ್ತು: 16 ಮತ್ತು 18ನೇ ಬಗೆಯ ವೈರಸ್ ಮೈಯಲ್ಲಿ ನೆಲೆಯೂರದಂತೆ ಶೇ. 95ರಷ್ಟು ತಡೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್‌ಗೆ ಒಪ್ಪಿಗೆ ಕೊಟ್ಟಿದ್ದರ ಹಿಂದೆ ಈ ಹುಡುಗಿಯರ ರಕ್ತದ ಮಾದರಿಗಳೂ ಇವೆ. ಅವರಿಂದಾಗಿ ಎಷ್ಟೋ ಬಡದೇಶಗಳಿಗೆ ಲಸಿಕೆಯ ಹೊರೆ ಇಳಿದಿದೆ.

ಇನ್ನು ಚಿಕಿತ್ಸೆ. ಕೆಲವು ವರ್ಷಗಳ ಹಿಂದೆ ಆಳಂದ ಕಡೆಯ ಒಬ್ಬ ತಾಯಿ ನನ್ನ ಒಪಿಡಿಗೆ ಬಂದರು. ಮುಟ್ಟು ನಿಂತು ಆರು ವರ್ಷವಾದ ಮೇಲೆ ರಕ್ತ ಕಂಡಿತ್ತು, ವಾಸನೆಯ ಬಿಳುಪು ಹೋಗುತ್ತಿತ್ತು. ಎಂಟು ತಿಂಗಳು ಸೀರೆಯ ಮರೆಯಲ್ಲೇ ಉಳಿಯಿತು. ನಾನು ಕೇಳಿದೆ, ಯಾಕವ್ವಾ ಮೊದಲೇ ಬರಲಿಲ್ಲ? "ಯಾರ್ ಬೀ ಕೇಳಿಲ್ರೀ, ನಾ ಬೀ ಹೇಳಿಲ್ರೀ" ಎಂದರು. ಗಡ್ಡೆ ಸೊಂಟದ ಎಲುಬಿನ ಗೋಡೆ ಮುಟ್ಟಿತ್ತು, ಒಂದು ಮೂತ್ರಪಿಂಡ ಊದಿಕೊಂಡಿತ್ತು. 3ಬಿ ಹಂತ.

ಈ ಹಂತಕ್ಕೆ ವಿಕಿರಣದ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೊಟ್ಟರೆ ಲಾಭವೇ ಎಂಬುದನ್ನು ಸ್ಪಷ್ಟಪಡಿಸಿದ್ದೂ ನಮ್ಮ ದೇಶದ್ದೇ ಅಧ್ಯಯನ. ಟಾಟಾ ಸ್ಮಾರಕದಲ್ಲಿ 850 ಹೆಣ್ಣುಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾಯಿತು. ಐದು ವರ್ಷ ಬದುಕಿದವರು ವಿಕಿರಣ ಮಾತ್ರ ಪಡೆದವರಲ್ಲಿ ಶೇ. 46, ಸಿಸ್‌ಪ್ಲಾಟಿನ್ ಕೂಡಿದವರಲ್ಲಿ ಶೇ. 54. ನೂರಕ್ಕೆ ಎಂಟು ಮಂದಿ ಹೆಚ್ಚು. ಸಿಸ್‌ಪ್ಲಾಟಿನ್ ಹೊಸ ಔಷಧವಲ್ಲ, ದುಬಾರಿಯೂ ಅಲ್ಲ. ಆದರೆ ಒಳಗಿನಿಂದ ಕೊಡುವ ವಿಕಿರಣವೂ ಸೇರಿ ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ತಡವಾದಷ್ಟೂ ರೋಗ ಮೇಲುಗೈ ಪಡೆಯುತ್ತದೆ. ಊರಲ್ಲಿ "ಕರೆಂಟ್ ಕೊಡ್ತಾರಂತೆ" ಎಂಬ ಹೆದರಿಕೆ, ನಗರದಲ್ಲಿ ಇಳಿದುಕೊಳ್ಳಲು ಜಾಗವಿಲ್ಲ, ಜೊತೆಗೆ ಬಂದ ಮಗನ ಕೂಲಿ ತಪ್ಪುತ್ತದೆ. ಆ ತಾಯಿ ಮೂರನೇ ವಾರಕ್ಕೆ ಊರಿಗೆ ಹೋದವರು ಮತ್ತೆ ಬಂದದ್ದು ಹದಿನೇಳು ದಿನ ಬಿಟ್ಟು. ಸೊಸೆಯ ಹೆರಿಗೆ ಇತ್ತು. ಅವರು ಉಳಿಯಲಿಲ್ಲ.

ಯುವ ಶಸ್ತ್ರವೈದ್ಯರಿಗೆ ಒಂದು ಮಾತು. ಸಣ್ಣ ರಂಧ್ರದ ಶಸ್ತ್ರಕ್ರಿಯೆ ಒಳ್ಳೆಯದೆಂದು ನಾವೆಲ್ಲ ನಂಬಿದ್ದೆವು. ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಕಳಿಸಬಹುದು. 2018ರಲ್ಲಿ 631 ಮಂದಿಯ ಎಲ್ಎಸಿಸಿ ಅಧ್ಯಯನ ಬಂದಾಗ ತಿಳಿದದ್ದೇ ಬೇರೆ. ಆರಂಭದ ಹಂತದ ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಹೊಟ್ಟೆ ತೆರೆದು ಮಾಡಿದವರಲ್ಲಿ ನಾಲ್ಕೂವರೆ ವರ್ಷಕ್ಕೆ ಶೇ. 96.5 ಮಂದಿ ರೋಗಮುಕ್ತರಾಗಿದ್ದರು, ರಂಧ್ರದ ಮೂಲಕ ಮಾಡಿದವರಲ್ಲಿ ಶೇ. 86. ಅಂಡಾಶಯದ ಕ್ಯಾನ್ಸರಿನಲ್ಲೂ ಇಂಥದ್ದೇ ಪಾಠ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸಿಎ-125 ಎಂಬ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮೂಲಕ ವರ್ಷಗಟ್ಟಲೆ ನೋಡಿದರೂ ಸಾವು ಕಡಿಮೆಯಾಗಲಿಲ್ಲ. ಹಾಗಾಗಿ ಆರೋಗ್ಯವಾಗಿರುವವರಿಗೆ ಸಿಎ-125 ಬರೆದುಕೊಟ್ಟು ಹೆದರಿಸುವುದನ್ನು ನಾವು ಬಿಡಬೇಕು. ಅದರ ಬದಲು ಮನೆತನದಲ್ಲಿ ಸ್ತನ, ಅಂಡಾಶಯದ ಕ್ಯಾನ್ಸರ್ ಇದ್ದವರನ್ನು ಕೂರಿಸಿ ವಿಚಾರಿಸಿ, ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ಹೇಳಬೇಕು.

ಈ ಎರಡು ದಿನ ಇಲ್ಲಿ ಮಂಡಿಸುವ ಪ್ರಬಂಧಗಳಲ್ಲಿ ಇಮ್ಯುನೋಥೆರಪಿ ಇದೆ, ಜೀನ್ ಆಧಾರದ ವರ್ಗೀಕರಣ ಇದೆ. ಇರಲಿ, ಬೇಕು. ಆದರೆ ಪ್ರತಿ ಪ್ರಬಂಧದ ಕೋಷ್ಟಕದಲ್ಲೂ ಕೆಳಗೆ ಒಂದು ಸಾಲು ಇರುತ್ತದೆ, "ಸಂಪರ್ಕ ತಪ್ಪಿದವರು" ಎಂದು. ಅದನ್ನು ನಾವು ಓದದೆ ದಾಟುತ್ತೇವೆ. ಮಂಡಿಸುವವರಲ್ಲಿ ನನ್ನ ಕೋರಿಕೆ: ಈ ಸಲ ಆ ಸಾಲಿನ ಮುಂದೆ ನಿಲ್ಲಿ. ಅವರು ಎಷ್ಟು ಮಂದಿ, ಯಾವ ತಾಲ್ಲೂಕಿನವರು, ಯಾವ ವಾರ ಬಿಟ್ಟುಹೋದರು, ಯಾರಾದರೂ ಫೋನ್ ಮಾಡಿದ್ದರೇ, ಹೇಳಿ. ಮಧ್ಯಾಹ್ನದ ಮೊದಲ ಗೋಷ್ಠಿಯಲ್ಲಿ ಮೂವರು ಆಶಾ ಕಾರ್ಯಕರ್ತೆಯರು, ಅಂಥವರ ಮನೆಗಳನ್ನು ಹುಡುಕಿಕೊಂಡು ಹೋದ ಅನುಭವ ಹೇಳಲಿದ್ದಾರೆ. ಆಗ ಮುಂದಿನ ಸಾಲುಗಳಲ್ಲಿ ನಾವು, ವೈದ್ಯರು, ಕೂತಿರೋಣ.