ಹಸುಗೂಸಿನ ಮೊದಲ ಮೂರು ವಾರಗಳು
(ಜಾಲ್ಸೂರಿನಲ್ಲಿ ದಂಪತಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ಬಾಣಂತಿಯೂ ಕೂಸೂ 40 ದಿನ ಹೊಸ್ತಿಲು ದಾಟದಿರುವುದು ನಮ್ಮ ಸೀಮೆಯ ವಾಡಿಕೆ. ತಾಯಿಗೆ ಇದರಿಂದ ವಿಶ್ರಾಂತಿ ದೊರೆಯುವುದಾದ್ದರಿಂದ ನಾನು ಇದನ್ನು ಹಳಿಯಲಾರೆ. ಆದರೆ ಕೂಸಿನ ಒಂದು ಪರೀಕ್ಷೆಗೆ 21 ದಿನಗಳ ಗಡುವಿದೆ. ನಲವತ್ತು ಮುಗಿಸಿಕೊಂಡು ಸುಳ್ಯಕ್ಕೆ ಹೋದರೆ ಕಾಲ ಮೀರಿರುತ್ತದೆ.

ಸೈಟೋಮೆಗಲೋ ಎಂಬುದೊಂದು ವೈರಾಣು. ಹೆಸರು ನಾಲಗೆಗೆ ಹೊರಳದಿದ್ದರೂ ಅದು ಅಪರೂಪದ್ದಲ್ಲ. ನಮ್ಮ ಬಹುಪಾಲು ಹೆಂಗಸರ ದೇಹದಲ್ಲಿ ಅದು ಬಾಲ್ಯದಿಂದಲೇ ಅಡಗಿರುತ್ತದೆ. ಗರ್ಭಕಾಲದಲ್ಲಿ ಅದು ಮರಳಿ ಎಚ್ಚೆತ್ತರೆ, ಇಲ್ಲವೆ ಹೊಸದಾಗಿ ತಗುಲಿದರೆ, ಕೆಲವೊಮ್ಮೆ ಗರ್ಭದಲ್ಲಿರುವ ಶಿಶುವಿಗೂ ದಾಟುತ್ತದೆ. ಹೀಗೆ ಸೋಂಕಿನೊಡನೆ ಹುಟ್ಟಿದ 10 ಕೂಸುಗಳಲ್ಲಿ ಸುಮಾರು 9 ಆರೋಗ್ಯವಾಗಿಯೇ ಕಾಣುತ್ತವೆ. ಆದರೂ ಅವುಗಳಲ್ಲಿ ಕೆಲವಕ್ಕೆ ಕಿವಿ ಕೇಳಿಸದು. ಇನ್ನು ಕೆಲವಕ್ಕೆ ತಿಂಗಳುಗಳು ಕಳೆದ ಮೇಲೆ ಶ್ರವಣಶಕ್ತಿ ಕುಂದುತ್ತದೆ. ಇದು ಗ್ರಹಣದ ದೋಷವಲ್ಲ, ಸೊಸೆಯ ತಪ್ಪೂ ಅಲ್ಲ. ಅತ್ತೆಯಂದಿರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಬಟ್ಟಲು ಬಡಿದಾಗ ಕೂಸು ಬೆಚ್ಚಿತೆಂದು ಕಿವಿ ಸರಿಯಾಗಿದೆಯೆಂದು ನಂಬಬೇಡಿರಿ. ತೊಟ್ಟಿಲು ಅದುರಿದರೂ ಕೂಸು ಬೆಚ್ಚುತ್ತದೆ. ಒಂದೇ ಕಿವಿ ಕೇಳಿಸುವ ಮಗುವೂ ಬೆಚ್ಚುತ್ತದೆ. ಮಲಗಿರುವ ಕೂಸಿನ ಕಿವಿಯಲ್ಲಿ ಪುಟ್ಟ ಉಪಕರಣವನ್ನಿಟ್ಟು ಕೆಲವೇ ನಿಮಿಷಗಳಲ್ಲಿ ಶ್ರವಣವನ್ನು ಪರೀಕ್ಷಿಸುವ ಕ್ರಮವಿದೆ. ಹೆರಿಗೆಯ ಆಸ್ಪತ್ರೆಯಿಂದ ಹೊರಡುವ ಮೊದಲೇ ಅದನ್ನು ಕೇಳಿ ಮಾಡಿಸಿರಿ. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಎಲ್ಲಿದೆಯೆಂದು ವಿಚಾರಿಸಿರಿ. ಫಲಿತಾಂಶದಲ್ಲಿ ಸಂದೇಹ ಬಂದರೆ, ಕೂಸಿನ ತಲೆ ಅತಿ ಸಣ್ಣದಿದ್ದರೆ, ಮೈಮೇಲೆ ಕೆಂಪು ಚುಕ್ಕೆಗಳಿದ್ದರೆ, ಕಾಮಾಲೆ ಬಿಡದಿದ್ದರೆ, ಸೈಟೋಮೆಗಲೋ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿರಿ. ಅದಕ್ಕೆ ಕೂಸಿನ ಮೂತ್ರ ಅಥವಾ ಜೊಲ್ಲು ಸಾಕು, ಸೂಜಿ ಚುಚ್ಚುವುದಿಲ್ಲ. ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸಬೇಕಾದೀತು. ಆದುದರಿಂದ ಇಪ್ಪತ್ತನೆಯ ದಿನದವರೆಗೆ ಕಾಯಬೇಡಿರಿ.

ಗಡುವೇಕೆಂದು ಕೇಳುವಿರಿ. ಹುಟ್ಟಿದ ಮೇಲೆ ಎದೆಹಾಲಿನಿಂದಲೂ ಈ ವೈರಾಣು ಬರಬಹುದು. ದಿನ ತುಂಬಿ ಹುಟ್ಟಿದ ಕೂಸಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಈ ಭಯದಿಂದ ಹಾಲು ಬಿಡಿಸಬೇಡಿರಿ. ಆದರೆ ಮೂರು ವಾರ ಕಳೆದರೆ, ಸೋಂಕು ಗರ್ಭದಲ್ಲೇ ಬಂದುದೋ ಆಮೇಲೆ ಬಂದುದೋ ನಿರ್ಧರಿಸಲಾಗದು. ತೊಂದರೆಯ ಲಕ್ಷಣಗಳಿರುವ ಕೂಸಿಗೆ ವೈದ್ಯರು ಮೊದಲ ತಿಂಗಳೊಳಗೆ ಔಷಧ ಆರಂಭಿಸಿದರೆ ಶ್ರವಣವನ್ನು ಉಳಿಸಿಕೊಳ್ಳಲು ನೆರವಾಗಬಹುದು. ಸೋಂಕಿತ ಮಗುವಿನ ಮೊದಲ ಶ್ರವಣ ಪರೀಕ್ಷೆ ಸರಿಯಿದ್ದರೂ ಕೆಲವು ವರ್ಷಗಳವರೆಗೆ ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕು. ಶ್ರವಣ ದೋಷವಿರುವ ಮಕ್ಕಳಿಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಗೆ ನಿಮ್ಮೂರಿನ ಹೆದ್ದಾರಿಯೇ ದಾರಿ.

ರುಬೆಲ್ಲಾ ಎಂಬ ಇನ್ನೊಂದು ವೈರಾಣುವೂ ಗರ್ಭಸ್ಥ ಶಿಶುವಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸುತ್ತದೆ. ಅದಕ್ಕೆ ಲಸಿಕೆಯಿದೆ, ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಅದರ ಅಭಿಯಾನ ಆರಂಭವಾಯಿತು. ಸೈಟೋಮೆಗಲೋ ವೈರಾಣುವಿಗೆ ಲಸಿಕೆಯಿಲ್ಲ. ಆದುದರಿಂದ ಗರ್ಭಿಣಿಯು ಹಿರಿಯ ಮಗುವಿನ ಎಂಜಲನ್ನು ಉಣ್ಣಬಾರದು. ಅದರ ಜೊಲ್ಲು ಒರೆಸಿದ ಮೇಲೆ, ಮೂತ್ರದ ಬಟ್ಟೆ ಬದಲಿಸಿದ ಮೇಲೆ, ಸಾಬೂನಿನಿಂದ ಕೈ ತೊಳೆಯಬೇಕು. ಮಗು ಬಿಟ್ಟ ಗಂಜಿಯನ್ನು ಚೆಲ್ಲಲು ಮನಸ್ಸು ಬಾರದೆ ತಾಯಿಯೇ ಉಣ್ಣುವುದು ನಮ್ಮ ಮನೆಗಳಲ್ಲಿ ಉಂಟಷ್ಟೆ. ಅದು ಹಟ್ಟಿಯ ಅಕ್ಕಚ್ಚಿಗೆ ಹೋಗಲಿ.

ಇನ್ನು ಗಂಡಂದಿರಿಗೆ ಒಂದು ಮಾತು. ಹೆಂಡತಿ ತವರಿನಲ್ಲಿದ್ದರೂ ಕೂಸು ಹುಟ್ಟಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿರಿ. ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಆಗದಿದ್ದರೆ ಎರಡನೆಯ ವಾರದೊಳಗೆ ವಾಹನ ಗೊತ್ತುಮಾಡಿ, ಬಾಣಂತಿಯನ್ನೂ ಕೂಸನ್ನೂ ಬೆಚ್ಚಗೆ ಹೊದೆಸಿ ಕರೆದೊಯ್ಯಿರಿ. ತಾಯಿ ಕಾರ್ಡು ಕೈಯಲ್ಲಿರಲಿ.